ಆಟದ ಕಂಪ್ಯೂಟರಿಗೆ ಐನೂರು ವೋಲ್ಟ್

ಮಲಪನಗುಡಿ
6 ಜುಲೈ 2025, ಭಾನುವಾರ

ಅಪ್ಪಗೆ,

ನೀನು ಕೊಟ್ಟ ಮಾತುಗಳು, ತಪ್ಪಿದ ಮಾತುಗಳು:

ಒಂದು. ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತೈದು ದಾಟಿದರೆ ಕಂಪ್ಯೂಟರ್ ಅಂದೆ. ಎಂಬತ್ತೊಂಬತ್ತು ಬಂತು. ಕಂಪ್ಯೂಟರ್ ಬರಲಿಲ್ಲ. ಕೊರೊನಾ, ಕೆಲಸ ನಿಂತಿದೆ ಅಂದೆ. ನಾನು ಒಪ್ಪಿದೆ.

ಎರಡು. ಡಿಪ್ಲೊಮಾ ಮೊದಲ ವರ್ಷ ಒಂದೂ ವಿಷಯ ಉಳಿಸಿಕೊಳ್ಳದೆ ಪಾಸಾದರೆ ಅಂದೆ. ಪಾಸಾದೆ. ಅಜ್ಜಿಯ ಕಣ್ಣಿನ ಆಪರೇಷನ್ ಬಂತು. ಅದನ್ನೂ ಒಪ್ಪಿದೆ. ಅಜ್ಜಿ ಈಗ ಸೂಜಿಗೆ ದಾರ ಪೋಣಿಸುತ್ತಾಳೆ, ನನಗೆ ಅದರಲ್ಲಿ ದೂರಿಲ್ಲ.

ಮೂರು. ನನಗೆ ಕೆಲಸ ಸಿಕ್ಕ ದಿನ, ಅರ್ಧ ನೀನು ಹಾಕು, ಅರ್ಧ ನಾನು ಹಾಕುತ್ತೇನೆ ಅಂದೆ. ನನ್ನ ಅರ್ಧ ತಯಾರಿದೆ. ನಿನ್ನ ಅರ್ಧ ಇಲ್ಲ. ಈ ಸಲ ಕೊರೊನಾ ಇಲ್ಲ, ಆಪರೇಷನ್ ಇಲ್ಲ. ಹೋದ ವಾರ ಊಟಕ್ಕೆ ಕೂತಾಗ ನನ್ನ ಬಾಯಲ್ಲಿ ಗೇಮಿಂಗ್ ಅನ್ನುವ ಶಬ್ದ ಬಂತು, ಅಷ್ಟೇ. ನೀನು ತಟ್ಟೆ ಸರಿಸಿ ಎದ್ದೆ. "ಆಟಕ್ಕ ನಾನು ಒಂದ್ ರೂಪಾಯಿ ಬಿಚ್ಚಂಗಿಲ್ಲ" ಅಂದೆ. ವಡ್ಡುವಿನ ಕಾರ್ಖಾನೆಗೆ ಬಸ್ಸು ಹತ್ತಿದೆ.

ನೇರ ಹೇಳುತ್ತೇನೆ. ನನಗೆ ಬೇಕಿರುವುದು ಆಟ ಆಡುವ ಕಂಪ್ಯೂಟರೇ. ಓದುವುದಕ್ಕೆ, ಕೋಚಿಂಗ್ ಕೇಳುವುದಕ್ಕೆ ಅಂತ ಸುಳ್ಳು ಹೇಳಿ ತರಿಸಿಕೊಳ್ಳಬಹುದಿತ್ತು. ನೀನು ನನ್ನನ್ನು ಹಾಗೆ ಬೆಳೆಸಿಲ್ಲ. ದಿನಕ್ಕೆ ಒಂಬತ್ತು ಗಂಟೆ ಹೊಸಪೇಟೆಯ ಆನ್‌ಲೈನ್ ಸೆಂಟರಿನಲ್ಲಿ ಕೂತು ಊರವರ ಪಿಂಚಣಿ ಅರ್ಜಿ, ರೇಷನ್ ಅರ್ಜಿ, ಜಾತಿ ಸರ್ಟಿಫಿಕೇಟಿನ ಅರ್ಜಿ ತುಂಬುತ್ತೇನೆ. ಇದು ನನ್ನ ಅರ್ಜಿ.

ಅಕ್ಟೋಬರ್ ಹನ್ನೆರಡಕ್ಕೆ ಹೆಣ್ಣುಮಕ್ಕಳ ಪಂದ್ಯ ಇದೆ. ಇಬ್ಬಿಬ್ಬರ ತಂಡ, ಅವರವರ ಮನೆಯಿಂದಲೇ ಕಂಪ್ಯೂಟರಿನಲ್ಲಿ ಆಡುವುದು. ಸೆಪ್ಟೆಂಬರ್ ಮೂವತ್ತರೊಳಗೆ ಹೆಸರು ಕೊಡಬೇಕು. ನನ್ನ ಜೊತೆ ಡಿಪ್ಲೊಮಾ ಓದಿದ ಕಂಪ್ಲಿಯ ತುಳಸಿಯೂ ನಾನೂ ಒಂದು ತಂಡ. ಅವಳಿಗೆ ಅಣ್ಣನ ಕಂಪ್ಯೂಟರ್ ಇದೆ. ನಾನು ಇಷ್ಟು ದಿನ ಪೇಟೆಯ ಒಂದು ಗೇಮಿಂಗ್ ಸೆಂಟರಿನಲ್ಲಿ, ಹನ್ನೊಂದು ಗಂಡುಹುಡುಗರ ನಡುವೆ, ಮೂಲೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದೆ. ಮೂಲೆಗೆ ಹಾಕಿದವರನ್ನೇ ಸೋಲಿಸಿ ಮನೆಗೆ ಬರುತ್ತಿದ್ದೆ. ಈಗ ಆ ಸೆಂಟರ್ ಮುಚ್ಚುತ್ತಿದೆ. ಮಾಲೀಕ ಕಿರಣ್ ಕುಮಾರ್ ಒಂದು ಸೆಟ್ಟನ್ನು ಮೂವತ್ತೆರಡು ಸಾವಿರಕ್ಕೆ ಕೊಡುತ್ತಾನಂತೆ. ಓಡಿದ್ದು ಆರೇ ತಿಂಗಳಂತೆ. ಹದಿನಾರು ನನ್ನ ಹತ್ತಿರ ಇದೆ.

ಉತ್ತರ ಬರಹದಲ್ಲಿ ಬೇಕು. ಬಾಯಿಮಾತು ಕಂಟ್ರಾಕ್ಟರಿಗೆ ಲಾಭ, ಬರೆದದ್ದು ಕೂಲಿಯವನಿಗೆ ಲಾಭ ಅಂತ ಸಂಘದ ಸಭೆಯಲ್ಲಿ ಮೈಕು ಹಿಡಿದು ಹೇಳಿದವನು ನೀನೇ. ಮನೆಗೆ ಬಂದಾಗ ಊಟ, ಆರೋಗ್ಯ, ಅಜ್ಜಿಯ ಕಣ್ಣು, ಎಲ್ಲ ಮಾತಾಡೋಣ. ಈ ವಿಷಯಕ್ಕೆ ಮಾತ್ರ ಬಾಯಿಗೂ ಫೋನಿಗೂ ಬಹಿಷ್ಕಾರ. ಪತ್ರಗಳನ್ನು ನಿಮ್ಮ ಶಿಫ್ಟ್ ಬಸ್ಸು ಓಡಿಸುವ ಜಡೆಪ್ಪ ಮಾಮ ತಲುಪಿಸುತ್ತಾನೆ. ಕೇಳಿದ್ದೇನೆ, ಒಪ್ಪಿದ್ದಾನೆ.

ಮಾತು ಬಿಡದ ಮಗಳು,
ಭವ್ಯ

ಪ್ರತಿ: ಅವ್ವನಿಗೆ. ಓದಿ ನಕ್ಕಳು. ಸಹಿ ಹಾಕು ಅಂದರೆ ಹಾಕಲಿಲ್ಲ.


ವಡ್ಡು
10 ಜುಲೈ 2025

ಲೇ ಭವ್ಯಾ, ಜೈ ಭೀಮ್.

ನಿನ್ನ ಮನವಿ ತಲುಪಿತು. ಜಡೆಪ್ಪ ಅದನ್ನು ಜೇಬಿನಲ್ಲಿಟ್ಟು ಮೆಲ್ಲಗೆ ಕೊಡಬಹುದಿತ್ತು. ಕಾರ್ಖಾನೆಯ ಗೇಟಿನಲ್ಲಿ ಎಲ್ಲರೂ ಕೇಳುವ ಹಾಗೆ "ಉಚ್ಚೆಂಗೆಪ್ಪಾ, ಮಗಳು ಚಾರ್ಜ್‌ಶೀಟ್ ಕಳ್ಸ್ಯಾಳ ತಗಾ" ಅಂದ. ನಮ್ಮ ಎಲೆಕ್ಟ್ರಿಷಿಯನ್ ಗ್ಯಾಂಗು ಪೂರಾ ಓದಿತು. ಬರವಣಿಗೆ ಮಸ್ತ್ ಇದೆ ಎಂದು ಎಲ್ಲರ ತೀರ್ಮಾನ. ಮುಂದಿನ ಬೇಡಿಕೆ ಪಟ್ಟಿಯನ್ನು ನಿನ್ನ ಕೈಯಲ್ಲೇ ಬರೆಸಬೇಕಂತೆ.

ಬೇಡಿಕೆಗೆ ನನ್ನ ಒಪ್ಪಿಗೆ ಇಲ್ಲ.

ಕಂಪ್ಯೂಟರ್ ಅಂದದ್ದು ನಿಜ. ಆಟಕ್ಕೆ ಅಂತ ಎಲ್ಲೂ ಅಂದಿಲ್ಲ, ತೋರಿಸು. ನಮ್ಮ ಜನ ಕೈಯಲ್ಲಿ ಪುಸ್ತಕ ಹಿಡಿಯುವುದಕ್ಕೆ ಎರಡು ತಲೆಮಾರು ಹೊಡೆದಾಡಿದೆ. ಆ ಕೈಗೆ ಈಗ ಆಟದ ಸಾಮಾನು ಬೇಕಂತೆ. ಆಟ ಹೊಟ್ಟೆ ತುಂಬಿದವರದು. ಅವರಿಗೆ ಹೊತ್ತು ಹೋಗುವುದಿಲ್ಲ, ಆಡುತ್ತಾರೆ. ನಮಗೆ ಹೊತ್ತು ಸಾಲುವುದಿಲ್ಲ. ದುಡಿಯುವವರಿಗೆ ಆಟ ಯಾಕೆ? ನೀನು ಇಲಾಖೆಯ ಪರೀಕ್ಷೆ ಬರೆ, ಜೂನಿಯರ್ ಎಂಜಿನಿಯರ್ ಆಗು. ನಾನು ಸಾಲ ಮಾಡಿಯಾದರೂ ಎರಡು ಕಂಪ್ಯೂಟರ್ ತರುತ್ತೇನೆ.

ಇನ್ನೊಂದು. ಹಳೇ ಯಂತ್ರವನ್ನು ಮುಚ್ಚಳ ತೆಗೆಸದೆ ಕೊಳ್ಳಬಾರದು. ಮಾರುವವನ ಬಾಯಿ ನೋಡಬೇಡ, ಯಂತ್ರದ ಹೊಟ್ಟೆ ನೋಡು. ಫ್ಯಾನಿನ ರೆಕ್ಕೆ ಬೆರಳಿಂದ ತಿರುಗಿಸಿ ನೋಡು. ಸುಟ್ಟ ವಾಸನೆ ಇದೆಯಾ ಮೂಗಿಟ್ಟು ನೋಡು. ಆರು ತಿಂಗಳು ಓಡಿದ್ದು ಅನ್ನುವವನು ಯಾವ ಆರು ತಿಂಗಳು ಅಂತ ಹೇಳಲಿ. ಅವನು ಮುಚ್ಚಳ ತೆಗೆಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬಾ.

ಇದು ಒಪ್ಪಿಗೆ ಅಲ್ಲ. ತಿಳಿವಳಿಕೆ.

ನಿಮ್ಮಪ್ಪ,
ಉಚ್ಚೆಂಗೆಪ್ಪ


ಮಲಪನಗುಡಿ
20 ಜುಲೈ 2025

ಅಪ್ಪಾ, ಜೈ ಭೀಮ್.

ಮುಚ್ಚಳ ತೆಗೆಸಿದೆ.

ಕಿರಣ್ ಕುಮಾರ್ ಮೊದಲು ಒಪ್ಪಲಿಲ್ಲ. ಸೀಲ್ ಹೋಗುತ್ತೆ ಅಂದ. ಸೀಲ್ ಎಲ್ಲಿದೆ ತೋರಿಸಿ ಅಂದೆ. ಇರಲಿಲ್ಲ. ಸ್ಕ್ರೂಡ್ರೈವರ್ ಹುಡುಕಬೇಕು ಅಂದ. ನಿನ್ನ ಹಳೇ ಸ್ಕ್ರೂಡ್ರೈವರ್ ನನ್ನ ಬ್ಯಾಗಿನಲ್ಲಿತ್ತು.

ಒಳಗೆ ಸಂಡೂರಿನ ಗಣಿಯೇ ಇತ್ತು, ಅಪ್ಪ. ಪೂರಾ ಕೆಂಪು ಧೂಳು. ಫ್ಯಾನಿನ ರೆಕ್ಕೆ ಕೆಂಪು, ಗ್ರಾಫಿಕ್ಸ್ ಕಾರ್ಡಿನ ಹಲ್ಲುಗಳ ನಡುವೆ ಕೆಂಪು, ಮೂಲೆಯಲ್ಲಿ ಇರುವೆ ಗೂಡಿನಂತೆ ಗುಡ್ಡೆಗುಡ್ಡೆ. ಕಿವಿಯೋಲೆ ಡಬ್ಬಿಯ ಆಯಸ್ಕಾಂತದ ಗುಂಡಿ ಹತ್ತಿರ ಹಿಡಿದೆ. ಧೂಳು ಎದ್ದು ನಿಂತಿತು, ಮೈಮೇಲೆ ರೋಮ ಎದ್ದ ಹಾಗೆ. ಆರು ತಿಂಗಳಲ್ಲಿ ಹೊಸಪೇಟೆಯ ಧೂಳು ಹೀಗೆ ಆಗುವುದಿಲ್ಲ ಅಂದೆ. ಆಗ ಬಾಯಿ ಬಿಟ್ಟ. ಗಣಿ ಲಾರಿ ಓಡುವ ರಸ್ತೆಯ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಓಡಿದ್ದನ್ನು ಇವನು ತಂದಿದ್ದಾನೆ. ಇವನ ಕೈಯಲ್ಲಿ ಓಡಿದ್ದು ಆರು ತಿಂಗಳು. ಸುಳ್ಳು ಹೇಳಲಿಲ್ಲ, ನಿಜವನ್ನು ಕತ್ತರಿಸಿ ಮಾರಿದ. ಎದ್ದು ಬಂದೆ. ಇಪ್ಪತ್ತೆರಡಕ್ಕೆ ತಗೋ ಅಂತ ಬಾಗಿಲ ತನಕ ಬಂದ.

ಹಾಗಾಗಿ ನನ್ನ ಬೇಡಿಕೆ ತಿದ್ದುತ್ತೇನೆ. ಕೊಳ್ಳುವುದಿಲ್ಲ, ಕಟ್ಟುತ್ತೇನೆ. ಒಂದೊಂದೇ ಭಾಗ ನೋಡಿ, ಕೆಲವು ಹೊಸದು ಕೆಲವು ಹಳೆಯದು ತಂದು ನಾನೇ ಜೋಡಿಸುತ್ತೇನೆ.

ಇನ್ನು ಆಟದ ವಿಷಯ. ನಿನ್ನ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. ಕರೆಮ್ಮಜ್ಜಿ ಸೂಜಿ ದಾರ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಅಂವ ಕಲ್ಲಾಟ ಆಡ್ತಿದ್ದದ್ದು ಮರ್ತಾನೇನು?"

ನೀನು ಇದನ್ನು ನನಗೆ ಯಾವತ್ತೂ ಹೇಳಿಲ್ಲ. ನೀನು ಒಂಬತ್ತು ವರ್ಷದವನಿದ್ದಾಗ ಅಜ್ಜಿಯ ಜೊತೆ ಚೋರನೂರಿನಿಂದ ಗಣಿಗೆ ಅದಿರು ಆರಿಸಲು ಹೋಗುತ್ತಿದ್ದೆಯಂತೆ. ಬುತ್ತಿ ಬಿಚ್ಚುವ ಹೊತ್ತಿಗೆ ದುಂಡನೆಯ ಅದಿರುಕಲ್ಲು ಆರಿಸಿಕೊಂಡು, ಮೇಲೆ ತೂರಿ ಅಂಗೈ ಹಿಂದೆ ಹಿಡಿಯುವ ಆಟ ಆಡುತ್ತಿದ್ದೆಯಂತೆ. ಆ ಗುಂಪಿನಲ್ಲಿ ನಿನ್ನನ್ನು ಸೋಲಿಸಿದವರಿಲ್ಲವಂತೆ. ಒಂದು ದಿನ ಮೇಸ್ತ್ರಿ ಬಂದು ಕಲ್ಲುಗಳನ್ನು ಬೂಟುಗಾಲಿನಲ್ಲಿ ಒದ್ದ. "ದುಡಿಯೋರಿಗೆ ಆಟ ಯಾಕಲೇ" ಅಂದ. ಮೂವತ್ತೆಂಟು ವರ್ಷ ಕಳೆದರೂ ಅಜ್ಜಿಗೆ ಅವನ ಮಾತು ಹಾಗೇ ನೆನಪಿದೆ.

ಅಪ್ಪಾ, ಆ ಮೇಸ್ತ್ರಿಯ ಮಾತನ್ನೂ ನಿನ್ನ ಹತ್ತನೇ ತಾರೀಖಿನ ಪತ್ರವನ್ನೂ ಪಕ್ಕದಲ್ಲಿಟ್ಟು ಓದಿದೆ. ಒಂದೇ ವಾಕ್ಯ. ಬಾಯಿ ಮಾತ್ರ ಬೇರೆ.

ನೀವು ಎಂಟು ಗಂಟೆ ಕೆಲಸ ಅಂತ ಹೋರಾಡಿದಿರಿ. ಉಳಿದ ಹೊತ್ತು ಯಾರದು? ಮಲಗಿ ಎದ್ದು ಮತ್ತೆ ಅವರ ಕೆಲಸಕ್ಕೆ ತಯಾರಾಗುವುದಕ್ಕಾ? ಆ ಹೊತ್ತು ನನ್ನದು. ಅದರಲ್ಲಿ ನಾನು ಆಡುತ್ತೇನೆ. ಇದನ್ನು ಕಾರಣ ಕೊಟ್ಟು ಕೇಳುವ ಅಗತ್ಯವೂ ನನಗಿಲ್ಲ. ನೀನು ನಮ್ಮಪ್ಪ ಅಂತ ಕೇಳುತ್ತಿದ್ದೇನೆ.

ಸಿಟ್ಟಿನಲ್ಲಿ, ಪ್ರೀತಿಯಲ್ಲಿ,
ಭವ್ಯ


ವಡ್ಡು
17 ಆಗಸ್ಟ್ 2025

ಭವ್ಯಾ,

ನಾಲ್ಕು ವಾರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ಹದಿನಾರು ಸಾವಿರ ಜಡೆಪ್ಪನ ಕೈಯಲ್ಲಿ ಕಳಿಸಿದ್ದೇನೆ. ಏನು ಆಡುತ್ತೀ ಅಂತ ನಾನು ಕೇಳುವುದಿಲ್ಲ.

ಕಟ್ಟುವುದು ಸರಿಯಾದ ತೀರ್ಮಾನ. ಕೊಂಡದ್ದು ಕೆಟ್ಟರೆ ಮಾರಿದವನ ಮನೆ ಬಾಗಿಲು ಕಾಯಬೇಕು. ಕಟ್ಟಿದ್ದು ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಕೈಗೆ ಗೊತ್ತಿರುತ್ತದೆ. ಮೂವತ್ತು ವರ್ಷ ಬೇರೆಯವರ ಯಂತ್ರ ಕಟ್ಟಿದ್ದೇನೆ. ನಮ್ಮ ಮನೆಯದು ಅಂತ ಒಂದನ್ನೂ ಕಟ್ಟಿಲ್ಲ. ನನ್ನನ್ನೂ ಕೂಲಿಗೆ ಸೇರಿಸಿಕೋ.

ಕಂಪ್ಯೂಟರಿನ ಡಬ್ಬಕ್ಕೆ ನಾಲ್ಕು ಸಾವಿರ ಅಂತ ನೀನು ಅವ್ವನಿಗೆ ಹೇಳಿದೆಯಂತೆ. ತಗಡಿನ ಡಬ್ಬಕ್ಕೆ, ಅದೂ ಒಂದು ಕಡೆ ಗಾಜಂತೆ, ನಾಲ್ಕು ಸಾವಿರ? ಆ ದುಡ್ಡನ್ನು ಒಳಗಿನ ಸಾಮಾನಿಗೆ ಹಾಕು. ಡಬ್ಬ ನನ್ನ ಜವಾಬ್ದಾರಿ. ಹೊಸಪೇಟೆಯ ಗುಜರಿಯಲ್ಲಿ ಹಳೇ ಮೋಟಾರ್ ಪ್ಯಾನಲ್ಲಿನ ಖಾಲಿ ಪೆಟ್ಟಿಗೆ ನೋಡಿ ಇಟ್ಟಿದ್ದೇನೆ, ಆರುನೂರು ರೂಪಾಯಿ. ಬಾಗಿಲಿಗೆ ರಬ್ಬರಿನ ಅಂಚು ಇದೆ, ಗಾಳಿ ಹೋಗುವ ಕಡೆ ಜಾಲರಿ ಹಾಕಿ ಧೂಳು ತಡೆಯುತ್ತೇನೆ. ಕೆಂಪು ಧೂಳು ಅದರ ಮುಂದೆ ನಿಂತು ಅಳಬೇಕು. ಬಾಗಿಲ ಮೇಲೆ ತಲೆಬುರುಡೆ ಚಿತ್ರ, 'ಅಪಾಯ' ಅಂತ ಬರೆದಿದೆ. ಅಳಿಸಲಾ?

ನಿಮ್ಮಪ್ಪ


ಮಲಪನಗುಡಿ
14 ಸೆಪ್ಟೆಂಬರ್ 2025

ಅಪ್ಪಾ,

ಅಳಿಸಬೇಡ. ನೀನು ತಂದಿಟ್ಟ ಪೆಟ್ಟಿಗೆಯ ತಲೆಬುರುಡೆಯ ಫೋಟೊ ನಾನು ಕಳಿಸಿದ್ದಕ್ಕೆ ತುಳಸಿ ಮೂರು ದಿನದಿಂದ ಎಲ್ಲರಿಗೂ ತೋರಿಸುತ್ತಿದ್ದಾಳೆ. ನಮ್ಮ ತಂಡಕ್ಕೆ ಅದೇ ಹೆಸರು ಇಟ್ಟಿದ್ದೇವೆ: ಅಪಾಯ.

ಸಾಮಾನು ಬಂತು. ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರ ಬಿಡಿಸುವ ಭಾಗ, ತುಳಸಿಯ ಅಣ್ಣನ ಹಳೆಯದು. ಅವನು ಹೊಸದು ಹಾಕಿಕೊಂಡ. ಅವರ ಮನೆಯಲ್ಲೇ ಎರಡು ತಾಸು ಓಡಿಸಿ, ಬಿಸಿ ಎಷ್ಟಾಗುತ್ತದೆ ನೋಡಿಯೇ ತಂದೆ. ಹಾರ್ಡ್ ಡಿಸ್ಕ್ ಹಳೆಯದು ಬೇಡ ಅಂತ ಹೊಸದೇ ತಗೊಂಡೆ. ಪವರ್ ಸಪ್ಲೈ ಹೊಸದು, ಅದರಲ್ಲಿ ಉಳಿತಾಯ ಮಾಡಿದವರು ಎಲ್ಲವನ್ನೂ ಸುಟ್ಟುಕೊಳ್ಳುತ್ತಾರೆ. ಪ್ರೊಸೆಸರ್ ಎರಡು ತಲೆಮಾರು ಹಿಂದಿನದು, ನಮ್ಮ ಆಟಕ್ಕೆ ಸಾಕು. ಮದರ್‌ಬೋರ್ಡ್, ಅಂದರೆ ಉಳಿದ ಎಲ್ಲ ಭಾಗ ಕೂರುವ ಹಲಗೆ, ಹೊಸದು. ಮಾನಿಟರ್ ನಮ್ಮ ಸೆಂಟರಿನವರು ಬದಲಿಸಿದಾಗ ಬಿಟ್ಟದ್ದು, ಒಂದು ಮೂಲೆಯಲ್ಲಿ ಗೀರು. ಲೆಕ್ಕ ಕೂಡಿಸಿದರೆ ಕಿರಣ್ ಕುಮಾರ್ ಕೇಳಿದ ದುಡ್ಡಿಗಿಂತ ಎರಡು ಸಾವಿರ ಕಡಿಮೆ, ನಾಲ್ಕು ಪಟ್ಟು ಚೆನ್ನಾಗಿದೆ.

ಒಂದೇ ತೊಂದರೆ. ನಾಳೆಯಿಂದ ಹದಿನೈದು ದಿನ ನನ್ನನ್ನು ಸೆಂಟರಿನ ಕಂಪ್ಲಿ ಶಾಖೆಗೆ ಹಾಕಿದ್ದಾರೆ. ತುಳಸಿಯ ಮನೆಯಲ್ಲಿ ಉಳಿಯುತ್ತೇನೆ. ನೀನು ಇಪ್ಪತ್ತೊಂದರ ಭಾನುವಾರ ಬರುತ್ತೀಯಲ್ಲ, ಪೆಟ್ಟಿಗೆಗೆ ತೂತು ಕೊರೆದು ಮದರ್‌ಬೋರ್ಡನ್ನೂ ಪವರ್ ಸಪ್ಲೈಯನ್ನೂ ಕೂರಿಸಿ ಇಡು. ಹಿತ್ತಾಳೆಯ ಚಿಕ್ಕ ಕಾಲುಗಳ ಮೇಲೆ ಬೋರ್ಡ್ ನಿಲ್ಲಬೇಕು. ಪ್ರೊಸೆಸರ್, ರ‍್ಯಾಮ್, ಕಾರ್ಡ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ, ಅವನ್ನು ನಾನು ಬಂದು ಹಾಕುತ್ತೇನೆ. ಕರೆಂಟು ಕೊಡಬೇಡ. ಅದು ನನ್ನ ಕೈಯಿಂದಲೇ ಆಗಬೇಕು.

ನಿನ್ನ ಕೂಲಿಗೆ ಒಪ್ಪಿದ ಗುತ್ತಿಗೆದಾರಳು,
ಭವ್ಯ


ಮಲಪನಗುಡಿ
22 ಸೆಪ್ಟೆಂಬರ್ 2025

ಭವ್ಯಾ,

ನೀವು ಅಪ್ಪ ಮಗಳು ಕಾಗದದ ಮಂದಿ. ನಾನೂ ಒಂದು ಬರೆಯುತ್ತಿದ್ದೇನೆ. ಕಂಪ್ಲಿ ಬಸ್ಸಿನ ಕಂಡಕ್ಟರ್ ಮೂಕಣ್ಣ ಕೊಡುತ್ತಾನೆ. ಫೋನು ಮಾಡಿದರೆ ಅತ್ತೆ ಕೇಳಿಸಿಕೊಳ್ಳುತ್ತಾಳೆ, ಊರು ಕೇಳಿಸಿಕೊಳ್ಳುತ್ತದೆ.

ನಿಮ್ಮಪ್ಪ ನಿನ್ನೆ ಬಂದ. ಬರುವಾಗ ಮದುವೆ ಗಂಡಿನ ಹಾಗಿದ್ದ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಬೆಳಿಗ್ಗೆಯಿಂದ ಡ್ರಿಲ್ ಹಿಡಿದು ತೂತು ಕೊರೆದ. ಹಾಡು ಬೇರೆ ಹೇಳುತ್ತಿದ್ದ. ಮಧ್ಯಾಹ್ನಕ್ಕೆ ಎಲ್ಲ ಕೂರಿಸಿ ನನ್ನನ್ನೂ ಅತ್ತೆಯನ್ನೂ ಕರೆದು ತೋರಿಸಿದ. ಭಾಳ ಚಂದ ಕಂಡಿತು. ನಾವು ರೊಟ್ಟಿ ಬಡಿಯಲು ಒಳಗೆ ಹೋದೆವು.

ಆಮೇಲೆ ಚೀಲದಿಂದ ಆ ಹಿಡಿ ತಿರುಗಿಸುವ ಡಬ್ಬಿ ತೆಗೆದ. ಮೆಗ್ಗರ್ ಅನ್ನುತ್ತಾರಲ್ಲ, ಅದು. ಗರಗರ ತಿರುಗಿಸುವ ಸದ್ದು ಬಹಳ ಹೊತ್ತು ಕೇಳಿತು. ನಿಂತಿತು. ಮತ್ತೆ ಕೇಳಿತು. ಊಟಕ್ಕೆ ಕರೆದರೆ ಬರಲಿಲ್ಲ. ಹೋಗಿ ನೋಡಿದರೆ ಪೆಟ್ಟಿಗೆಯ ಮುಂದೆ ಕೂತಿದ್ದಾನೆ, ಡಬ್ಬಿಯ ಹಿಡಿ ಕೈಯಲ್ಲೇ ಇದೆ. ಏನಾಯ್ತು ಅಂದೆ. ಏನಿಲ್ಲ ಅಂದ. ಯಾರಿಗೋ ಫೋನು ಮಾಡಿ ಕೇಳಿದ, ಅವರೇನೋ ಅಂದರು, ಫೋನು ಇಟ್ಟ. "ರೇಣುಕಾ, ಮಗಳಿಗೆ ನಾನ ಬರೀತೀನಿ, ನೀ ಏನೂ ಹೇಳಬ್ಯಾಡ" ಅಂದ. ಉಣ್ಣದೆ ಬಸ್ಸು ಹತ್ತಿದ.

ನಾನು ಏನೂ ಹೇಳಿಲ್ಲ. ಬರೆದಿದ್ದೇನೆ ಅಷ್ಟೇ.

ಅವನನ್ನು ಜಾಸ್ತಿ ಬೈಯಬೇಡ. ಬೈಯುವುದಾದರೆ ಉಂಡ ಮೇಲೆ ಬೈಯಿ.

ಅವ್ವ


ವಡ್ಡು
24 ಸೆಪ್ಟೆಂಬರ್ 2025

ಭವ್ಯಾ, ನನ್ನವ್ವಾ,

ಸಂಘದಲ್ಲಿ ತಪ್ಪು ಮಾಡಿದವನು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಕಾರಣ ಮೊದಲು ಹೇಳುವಂತಿಲ್ಲ, ತಪ್ಪು ಮೊದಲು.

ನಿನ್ನ ಮದರ್‌ಬೋರ್ಡನ್ನು ನಾನು ಸುಟ್ಟಿದ್ದೇನೆ.

ಕರೆಂಟು ಕೊಡಬೇಡ ಅಂದಿದ್ದೆ. ಕೊಡಲಿಲ್ಲ. ಮೆಗ್ಗರ್ ಹಾಕಿದೆ. ಯಾವ ಯಂತ್ರವಾದರೂ ಕರೆಂಟು ಹರಿಸುವ ಮುಂಚೆ ನಾವು ಮೆಗ್ಗರ್ ಹಾಕುತ್ತೇವೆ. ಹಿಡಿ ತಿರುಗಿಸಿದರೆ ಐನೂರು ವೋಲ್ಟ್ ಹುಟ್ಟುತ್ತದೆ. ಒಂದು ಕ್ಲಿಪ್ಪು ಪೆಟ್ಟಿಗೆಯ ಮೈಗೆ, ಇನ್ನೊಂದು ವೈರಿಗೆ. ಮುಳ್ಳು ಮೇಲೆ ನಿಂತರೆ ಒಳಗಿನ ಕರೆಂಟು ಮೈಗೆ ಸೋರುವುದಿಲ್ಲ, ಮುಟ್ಟಿದವರು ಬದುಕುತ್ತಾರೆ. ಸೊನ್ನೆಗೆ ಬಿದ್ದರೆ ಎಲ್ಲೋ ಸೋರಿಕೆ.

ಪ್ಲಗ್ಗಿಗೆ ಹಾಕಿದೆ, ಸರಿ ತೋರಿಸಿತು. ಅಲ್ಲಿಗೆ ಬಿಡಬೇಕಿತ್ತು. ಮಗಳು ಮುಟ್ಟುವ ಯಂತ್ರ ಅಂತ ಬೋರ್ಡಿಗೂ ಹಾಕಿದೆ. ಮುಳ್ಳು ಸೊನ್ನೆಗೆ ಬಿತ್ತು. ಎಲ್ಲಿ ಸೋರುತ್ತಿದೆ ಅಂತ ಒಂದೊಂದೇ ಪಿನ್ನಿಗೆ ಕ್ಲಿಪ್ಪು ಕಚ್ಚಿಸಿ ತಿರುಗಿಸಿದೆ. ಇಪ್ಪತ್ತಕ್ಕೂ ಹೆಚ್ಚು ಪಿನ್ನು. ನಾಲ್ಕನೆಯದೋ ಐದನೆಯದೋ ತಿರುಗಿಸುವಾಗ ಸಣ್ಣಗೆ ಟಿಕ್ ಅಂತು. ಆಮೇಲೆ ನಮ್ಮ ಇನ್ಸ್ಟ್ರುಮೆಂಟ್ ವಿಭಾಗದವರಿಗೆ ಫೋನು ಮಾಡಿದೆ. ಬೋರ್ಡಿನ ಅರ್ಥ್ ಪೆಟ್ಟಿಗೆಗೆ ಸೇರಿಯೇ ಇರುತ್ತದಂತೆ, ಸೊನ್ನೆ ತೋರಿಸುವುದೇ ಸರಿಯಂತೆ. ಅದು ಬದುಕುವುದು ಹನ್ನೆರಡು ವೋಲ್ಟಿನಲ್ಲಂತೆ. "ಉಚ್ಚೆಂಗೆಪ್ಪಣ್ಣ, ಕೂಸಿಗೆ ಆನಿ ಮಾತ್ರಿ ಕೊಟ್ಟಂಗಾತು" ಅಂದರು.

ಈಗ ಕಾರಣ. ಇದನ್ನು ನಿನಗೆ ಹೇಳಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಒಂದು ಕ್ರಷರಿನಲ್ಲಿದ್ದೆ. ಈಗ ಅದು ಇಲ್ಲ. ತಾಯಪ್ಪ ಅಂತ ನನ್ನ ಜೊತೆಗಾರ. ಮಳೆಯಲ್ಲಿ ನೆನೆದ ಮೋಟಾರನ್ನು ಪರೀಕ್ಷೆ ಮಾಡದೆ ಓಡಿಸು ಅಂದರು, ಲಾರಿ ಕಾಯುತ್ತಿವೆ ಅಂದರು. ಸ್ವಿಚ್ಚು ಹಾಕಿದ್ದು ನಾನು. ಮೋಟಾರಿನ ಮೇಲೆ ಕೈ ಇಟ್ಟಿದ್ದವನು ತಾಯಪ್ಪ.

ಅವನನ್ನು ಮಣ್ಣು ಮಾಡಿ ಬಂದು ನಾವು ಹದಿನೇಳು ದಿನ ಮುಷ್ಕರ ಕೂತೆವು. ಮೆಗ್ಗರ್ ಇಲ್ಲದೆ ಸ್ವಿಚ್ಚಿಲ್ಲ ಅನ್ನುವ ನಿಯಮವನ್ನು ಗೆದ್ದೆವು. ಅವತ್ತಿನಿಂದ ನಾನು ಮಿಕ್ಸಿಗೂ ಹಾಕಿದ್ದೇನೆ, ಇಸ್ತ್ರಿಪೆಟ್ಟಿಗೆಗೂ ಹಾಕಿದ್ದೇನೆ. ನಿಮ್ಮವ್ವ ನಗುತ್ತಿದ್ದಳು.

ಇಪ್ಪತ್ತನೇ ಜುಲೈಯ ನಿನ್ನ ಪತ್ರಕ್ಕೆ ಉತ್ತರ ಕೊಟ್ಟಿರಲಿಲ್ಲ. ಮೇಸ್ತ್ರಿ ಅಂದದ್ದು ನನ್ನ ಬಾಯಲ್ಲಿ ಹೊಕ್ಕು ಕೂತಿತ್ತು, ನನಗೆ ಗೊತ್ತಾಗಲಿಲ್ಲ. ನೀನು ಬರೆದದ್ದು ಸರಿ.

ಹೆಸರು ಕೊಡಲು ಆರು ದಿನ ಉಳಿದಿದೆ ಅಂತ ಗೊತ್ತು. ಮುಂದಿನ ತಿಂಗಳ ಸಂಬಳದಲ್ಲಿ ಹೊಸ ಬೋರ್ಡ್ ತರುತ್ತೇನೆ, ಆದರೆ ಪಂದ್ಯಕ್ಕೆ ಅದು ತಡ. ಶಿಕ್ಷೆ ನೀನೇ ಹೇಳು.

ತಪ್ಪಿತಸ್ಥ,
ಉಚ್ಚೆಂಗೆಪ್ಪ


ಹೊಸಪೇಟೆ
29 ಸೆಪ್ಟೆಂಬರ್ 2025

ಅಪ್ಪಾ,

ನಿನ್ನ ಪತ್ರವನ್ನು ಕಂಪ್ಲಿಯಲ್ಲಿ ತುಳಸಿಯ ಅಂಗಳದಲ್ಲಿ ಓದಿದೆ. ಸುಟ್ಟಿದ್ದೇನೆ ಅನ್ನುವಲ್ಲಿ ತುಳಸಿಯನ್ನು ಕೂಗಿ ಕರೆದೆ. ಪಿನ್ನು ಪಿನ್ನಿಗೂ ಐನೂರು ವೋಲ್ಟ್ ಅನ್ನುವಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತಾಯಪ್ಪ ಮಾಮನ ಹೆಸರು ಬಂದಾಗ ನಗು ನಿಂತಿತು. ಮಿಕ್ಸಿಗೆ ಯಾಕೆ ಮೆಗ್ಗರ್ ಅಂತ ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೆ. ಅಪ್ಪಾ, ಸ್ವಿಚ್ಚು ಹಾಕಿಸಿದವರು ಬೇರೆ. ನೀನು ಸಭೆಯಲ್ಲಿ ಎಲ್ಲರಿಗೂ ಹೇಳುವ ಈ ಮಾತನ್ನು ನಿನಗೆ ಯಾರಾದರೂ ಹೇಳಬೇಕಿತ್ತು. ನಾನು ಹೇಳುತ್ತಿದ್ದೇನೆ.

ಈಗ ಕೆಲಸದ ಮಾತು. ನಿನ್ನೆ ಭಾನುವಾರ ಊರಿಗೆ ಬಂದು ಬೋರ್ಡ್ ಬಿಚ್ಚಿಕೊಂಡು, ಕೊಂಡ ಅಂಗಡಿಗೇ ಹೋದೆ. ಅಂಗಡಿಯ ಪಂಪೇಶ್ ಅಣ್ಣ ಪರೀಕ್ಷೆ ಮಾಡಿ, ಬೋರ್ಡ್ ಸತ್ತಿದೆ, ಬಂದಾಗಲೇ ಹೀಗಿತ್ತು ಅಂದರೆ ಕಂಪನಿಗೆ ಕಳಿಸಿ ಹೊಸದು ತರಿಸುತ್ತೇನೆ ಅಂದ. ಒಂದು ಸುಳ್ಳು, ಹೊಸ ಬೋರ್ಡ್. ನಾಲಿಗೆ ತುದಿಗೆ ಬಂದಿತ್ತು. ನೀನು ಅಲ್ಲಿ ತಪ್ಪಿತಸ್ಥ ಅಂತ ಸಹಿ ಹಾಕಿ ಕೂತಿರುವಾಗ ನಾನು ಇಲ್ಲಿ ಸುಳ್ಳು ಹೇಳುವುದು ಹೇಗೆ? ನಮ್ಮಪ್ಪ ಮೆಗ್ಗರ್ ಹಾಕಿದ ಅಂದೆ.

ಪಂಪೇಶ್ ಅಣ್ಣನಿಗೆ ಅರ್ಥವಾಗಲಿಲ್ಲ. ಹಿಡಿ ತಿರುಗಿಸಿ ತೋರಿಸಿದೆ. ಐನೂರು ಅಂದೆ. ಅವನು ಕುರ್ಚಿಯಿಂದ ಎದ್ದ. ಪಕ್ಕದ ಮೊಬೈಲ್ ಅಂಗಡಿಯವರನ್ನು ಕರೆದ, ಎದುರಿನ ಜೆರಾಕ್ಸಿನವರನ್ನು ಕರೆದ. ನನ್ನ ಕೈಯಲ್ಲಿ ಮೂರು ಸಲ ಕಥೆ ಹೇಳಿಸಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆಮೇಲೆ ಥಟ್ಟನೆ ನಗು ನಿಲ್ಲಿಸಿ ಕೇಳಿದ, "ತಂಗೀ, ನಿಮ್ಮಪ್ಪ ನಮ್ಮ ಅಂಗಡಿಗೆ ಅದನ್ನ ಹಾಕ್ತಾರೇನು?"

ಅವರ ಅಂಗಡಿಯಲ್ಲಿ ಶಟರ್ ಮುಟ್ಟಿದರೆ ಜುಮ್ ಅನ್ನುತ್ತದಂತೆ. ಮಳೆ ಬಂದ ದಿನ ಚಪ್ಪಲಿ ಬಿಡುವುದೇ ಇಲ್ಲವಂತೆ. ಇಬ್ಬರು ಬಂದು ನೋಡಿ ಏನೂ ಇಲ್ಲ ಅಂದು ಹೋಗಿದ್ದಾರೆ. ಒಪ್ಪಂದ ಆಯಿತು. ಗಿರಾಕಿಯೊಬ್ಬರು ದೊಡ್ಡದಕ್ಕೆ ಬದಲಿಸಿಕೊಂಡು ಬಿಟ್ಟ ಬೋರ್ಡ್ ಅವನ ಹತ್ತಿರ ಇತ್ತು. ಎರಡು ವರ್ಷ ಹಳೆಯದು, ಹಿಂದೆ ಮುಂದೆ ತಿರುಗಿಸಿ ನೋಡಿದೆ, ಮೂಗಿಟ್ಟೂ ನೋಡಿದೆ. ಅದು ನನಗೆ. ಅದಕ್ಕೆ ಬದಲು ನೀನು ಬರುವ ಭಾನುವಾರ, ಅಕ್ಟೋಬರ್ ಐದರಂದು, ಮೆಗ್ಗರ್ ತಂದು ಅವನ ಅಂಗಡಿಯ ಸೋರಿಕೆ ಹುಡುಕಿ ಸರಿಮಾಡಬೇಕು. ಅವತ್ತೇ ಯಂತ್ರಕ್ಕೆ ಕರೆಂಟು ಕೊಡುತ್ತೇನೆ. ಅಲ್ಲಿಯ ತನಕ ಉಣ್ಣು. ಇದೇ ಶಿಕ್ಷೆ.

ಹೆಸರು ಕೊಟ್ಟಾಯಿತು. ತಂಡ: ಅಪಾಯ. ಊರು ಅಂತ ಕೇಳಿದ ಜಾಗದಲ್ಲಿ ಒಂದೇ ಊರು ಹಿಡಿಯುತ್ತಿತ್ತು. ತುಳಸಿ ಕಂಪ್ಲಿ ಅಂದಳು, ನಾನು ಮಲಪನಗುಡಿ ಅಂದೆ. ಜಗಳ ಆಡಿ, ಇಬ್ಬರದೂ ಅಲ್ಲದ ಹೊಸಪೇಟೆ ಅಂತ ಬರೆದೆವು.

ನಿನ್ನ ಮಗಳು,
ಭವ್ಯ


ವಡ್ಡು
15 ಅಕ್ಟೋಬರ್ 2025

ಭವ್ಯಾ, ಜೈ ಭೀಮ್.

ಪಂಪೇಶನ ಅಂಗಡಿಯ ಶಟರಿನ ಹಿಂದೆ ಇಲಿ ಕಡಿದ ವೈರು ಸಿಕ್ಕಾಗಿನಿಂದ ನನಗೆ ಆ ಬೀದಿಯಲ್ಲಿ ಬೇರೆಯೇ ಮರ್ಯಾದೆ. ನಾಲ್ಕು ಅಂಗಡಿಯವರು ಕರೆದಿದ್ದಾರೆ. ಎಲ್ಲರೂ ಒಂದೇ ಷರತ್ತು ಹಾಕುತ್ತಾರೆ: ಕಂಪ್ಯೂಟರನ್ನು ಮಾತ್ರ ಮುಟ್ಟಬೇಡಿ.

ಈ ಪತ್ರ ಅದಕ್ಕಲ್ಲ. ಹನ್ನೆರಡನೇ ತಾರೀಖಿನ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ ಆಯಿತು. ಬರೆಯುತ್ತಿದ್ದೇನೆ.

ನಾನು ಮುಷ್ಕರ ನೋಡಿದ್ದೇನೆ, ಲಾಠಿ ನೋಡಿದ್ದೇನೆ, ಗೆದ್ದು ಗೇಟು ತೆರೆಸಿದ ದಿನ ನೋಡಿದ್ದೇನೆ. ನೀನು ಆಡುವುದನ್ನು ಮಾತ್ರ ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ನಿನ್ನ ಬೆನ್ನ ಹಿಂದೆ ಸ್ಟೂಲು ಹಾಕಿ ಕೂತೆ. ಮೊದಲ ಪಂದ್ಯದಲ್ಲಿ ಏನಾಗುತ್ತಿದೆ ಅಂತ ಒಂದಿಷ್ಟೂ ತಿಳಿಯಲಿಲ್ಲ. ಪರದೆ ಬಿಟ್ಟು ನಿನ್ನನ್ನೇ ನೋಡಿದೆ. ತುಳಸಿ ಕಂಪ್ಲಿಯಲ್ಲಿದ್ದಾಳೆ, ನೀನು ಇಲ್ಲಿದ್ದೀ, ಇಬ್ಬರೂ ಒಂದೇ ಗಾಡಿಯ ಎರಡು ಎತ್ತಿನ ಹಾಗೆ. ನೀನು ಎಡಕ್ಕೆ ಅನ್ನುವ ಮೊದಲೇ ಅವಳು ಎಡಕ್ಕೆ ಇರುತ್ತಿದ್ದಳು. ನಿನ್ನ ಮುಖದಲ್ಲಿ ಯಾರಿಗೂ ಉತ್ತರ ಕೊಡುವ ಅವಸರ ಇರಲಿಲ್ಲ. ನಮ್ಮ ಮನೆಯ ಯಾರ ಮುಖವನ್ನೂ ನಾನು ಹಾಗೆ ನೋಡಿಲ್ಲ.

ಎರಡನೇ ಪಂದ್ಯದಲ್ಲಿ ನನಗೆ ಸ್ವಲ್ಪ ದಾರಿ ಹತ್ತಿತು. ನಿಮ್ಮವ್ವನಿಗೆ ವಿವರಿಸಲು ಹೋದೆ, ಸುಮ್ನ ಕುಂದ್ರು ಅಂದಳು. ಮೂರನೆಯದರಲ್ಲಿ ನೀವು ಸೋತಾಗ ಎದ್ದು ನಿಂತು ಅನ್ಯಾಯ ಅಂತ ಕೂಗಿದವನು ನಾನೇ. ಸೋತ ನೀನು ನಗುತ್ತಿದ್ದೆ. ಸೋತೂ ಹೀಗೆ ನಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾವು ಸೋತಾಗಲೆಲ್ಲ ಒಂದು ಹೊತ್ತಿನ ಊಟ ಹೋಗುತ್ತಿತ್ತು. ಇಲ್ಲಿ ಏನೂ ಹೋಗಲಿಲ್ಲ. "ಮುಂದಿನ ಸಲ ಹಿಡೀತೀವಿ ಅಪ್ಪ" ಅಂದು ನೀರು ಕುಡಿದೆ, ಅಷ್ಟೇ.

ನೀವು ಅಂಗಳಕ್ಕೆ ಹೋದಾಗ ನಾನು ಆ ಕುರ್ಚಿಯಲ್ಲಿ ಒಂದು ಗಳಿಗೆ ಕೂತೆ. ಏನೂ ಒತ್ತಲಿಲ್ಲ, ಆಣೆ. ಕೈ ಮಾತ್ರ ಕೀಬೋರ್ಡಿನ ಮೇಲೆ ಇಟ್ಟೆ.

ಆದ್ದರಿಂದ ಈ ಕೆಳಗೆ ಸಹಿ ಮಾಡಿದ, ನಲವತ್ತೇಳು ವರ್ಷದ, ಎಂಟು ತಾಸಿನ ಕೂಲಿ ಮುಗಿಸಿದ ಕಾರ್ಮಿಕನ ಬೇಡಿಕೆ ಒಂದೇ. ನನಗೂ ಆಟ ಕಲಿಸು. ಉಪಯೋಗಕ್ಕೆ ಬರುತ್ತದೆ, ತಲೆ ಚುರುಕಾಗುತ್ತದೆ ಅಂತೆಲ್ಲ ಕಾರಣ ಕೊಡುವುದಿಲ್ಲ. ಆಡಬೇಕು ಅನ್ನಿಸಿದೆ. ವಯಸ್ಸಾದವನು ಅಂತ ಸುಮ್ಮನೆ ಗೆಲ್ಲಿಸಬೇಡ. ಸೋಲಿಸು, ಮತ್ತೆ ಸೋಲಿಸು. ನಾನು ಕಲಿಯುತ್ತೇನೆ.

ಜಡೆಪ್ಪನಿಗೂ ಹೇಳಿದ್ದೇನೆ. ಅವನೂ ಬರುತ್ತಾನಂತೆ. ಮೊದಲ ಸರದಿ ನನ್ನದು.

ನಿಮ್ಮಪ್ಪ,
ಉಚ್ಚೆಂಗೆಪ್ಪ

ಮುಂದಿನ ಸಭೆ ನಮ್ಮ ಮನೆಯಲ್ಲಿ, ಪೆಟ್ಟಿಗೆಯ ಮುಂದೆ: ಅಕ್ಟೋಬರ್ ಇಪ್ಪತ್ತಾರು, ಭಾನುವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ.